ಪರದೇಶಿ ಟಿಕೀಟು

ಶನಿವಾರ ನಸುಕಿನ್ಯಾಗ ಬೆಳಗಾವಿ ಬಿಟ್ಟಿವಿ ನಾವು ನಾಲ್ವರು,
ಅನಾಟಮಿ ಪರೀಕ್ಷೆ ಮುಗಿದ ಮೂರನೇ ದಿನ,
ಕೈಗೆ ಇನ್ನೂ ಫಾರ್ಮಾಲಿನ್ ವಾಸನಿ.
ಮಲೇಶಿಯಾದ ಐನಾ, ಅಲ್ಲಿಯವಳೇ ಧರ್ಶಿನಿ,
ಇಂಫಾಲದ ಥೋಯ್ಬಿ,
ಮತ್ತ, ನಮ್ಮೂರು ತೋರಸ್ತೀನಿ ಅಂತ ಜಂಬ ಕೊಚ್ಚಿದ ನಾನು.
ಐನಾ ತನ್ನ ಮನೀಗೆ ಕಳಿಸಿದ ಸುದ್ದಿ:
ಎರಡು ದಿನ, ಪರದೇಶದಾಗ ಪ್ರವಾಸ.
ನಾನು ಅವ್ವಗ ಕಳಿಸಿದ್ದು:
ಮೂರು ಮಂದಿದು ರೊಟ್ಟಿ ಹೆಚ್ಚಿಗಿ ಬಡಿ.

ಯರಗಟ್ಟಿಗೆ ಚಹಾ. ಮುಧೋಳದ ಹಾದಿಗೆ
ಕಬ್ಬಿನ ಟ್ರ್ಯಾಕ್ಟರಿನ ಹಿಂದ ಅರ್ಧ ತಾಸು,
ಹೇರಿನ ಮ್ಯಾಲ ಮಲಗಿದ ಹುಡುಗ,
ಡೆಕ್ಕಿನ್ಯಾಗ ಎದಿ ನಡುಗಿಸೋ ಹಾಡು.
ಥೋಯ್ಬಿ ಕಿಡಕ್ಯಾಗಿಂದ ಕೈ ಚಾಚಿ ಒಂದು ಗಳ ಎಳದಳು.
ಡ್ರೈವರ್ ಕನ್ನಡ್ಯಾಗ ನೋಡಿದ, ಏನೂ ಅನಲಿಲ್ಲ.
ಜಮಖಂಡಿ ದಾಟಿ ಕೃಷ್ಣಿ ಬಂದಾಗ ಮೂವರಿಗೂ ನಿದ್ದಿ.
ನಾನೊಬ್ಬಾಕಿ, ಎಂದಿನ ಚಾಳಿ,
ಒಂದು ರೂಪಾಯಿ ಒಗದು ಕೈ ಮುಗದೆ.

ಗೋಲಗುಮ್ಮಟದ ಮುಂದ ಎರಡು ಕಿಂಡಿ, ಎರಡಕ್ಕೂ ಒಬ್ಬನೇ.
ಒಂದರ ಮ್ಯಾಲ ಭಾರತೀಯರು,
ಇನ್ನೊಂದರ ಮ್ಯಾಲ ವಿದೇಶಿಯರು, ದರ ಹತ್ತು ಪಟ್ಟಿಗೂ ಮಿಕ್ಕಿ.
ಆತ ಚಾಳೀಸು ಏರಿಸಿ
ಮಾರಿ ನೋಡಿ ದೇಶ ಹಂಚಿದ:
ಧರ್ಶಿನಿಗೆ ಸೋವಿದು.
ಥೋಯ್ಬಿಗೆ ತುಟ್ಟೀದು.

ಥೋಯ್ಬಿ ಮಾತಾಡಲಿಲ್ಲ. ಚೀಲದ ಒಳಕಿಸೆದಾಗಿನ
ಆಧಾರ್ ಕಾರ್ಡು ತಗದು ಗಾಜಿಗೆ ಒತ್ತಿ ಹಿಡದಳು.
ಅಂಚು ಸವದಿತ್ತು,
ಇನ್ನೂ ಎಷ್ಟು ಊರಿನ ಎಷ್ಟು ಗಾಜಿಗೋ.
"ತಪ್ಪು ತಿಳೀಬ್ಯಾಡ್ರಿ ತಂಗಿ," ಅಂದ ಆತ, ನನ್ನ ನೋಡಿ.
ನನ್ನ ಕಾರ್ಡು ಹಾಸ್ಟೆಲಿನ್ಯಾಗ ಬಿಟ್ಟು ಬಂದಿದ್ದೆ.
ಯಾರೂ ಕೇಳಲಿಲ್ಲ.

ಧರ್ಶಿನಿ ಸೋವಿ ಟಿಕೀಟು ತಿರುವಿ ಮುರುವಿ ನೋಡಿ ನಕ್ಕಳು:
ಮುತ್ತಜ್ಜಿ ರಬ್ಬರ್ ತೋಟಕ್ಕಂತ ಹಡಗ ಹತ್ತದಿದ್ದರ
ಇಷ್ಟರಾಗ ಮುಗೀತಿತ್ತು.
ಹಂಗ ಅಂದಾಕಿ ಹೊಳ್ಳಿ ಹೋಗಿ
ಅದನ್ನ ಕೊಟ್ಟು ತುಟ್ಟೀದು ತಗೊಂಡಳು.
ಯಾಕ ಅಂದೆ.
"ಆಕಿ ಹೋಗಿದ್ದು ಸುಳ್ಳಾಗಬಾರದಲ್ಲ."

ಕತ್ತಲದ ಮೆಟ್ಟಲು, ಒಬ್ಬರ ಹಿಂದೊಬ್ಬರು.
ಐದನೇತ್ತಾಗ ಬಂದಿದ್ದೆ ಸಾಲಿ ಸರದ್ಯಾಗ ನಿಂತು.
ಆಮ್ಯಾಲ ಗುಮ್ಮಟ ಅಂದರ, ಮಾಳಗಿ ಮ್ಯಾಲ
ಹಪ್ಪಳ ಹರವೂವಾಗ ಕಾಣೋ ಒಂದು ಬೆನ್ನು, ಅಷ್ಟ.
ಯಾರು ಕಟ್ಟಿಸಿದ್ದು, ಎಷ್ಟು ವರ್ಷ, ನಡುವ ಕಂಬ ಯಾಕಿಲ್ಲ,
ಐನಾ ಕೇಳತಿದ್ದಳು,
ಮೆಟ್ಟಲಿಗೊಂದು ಗೊತ್ತಿಲ್ಲ ಅಂತ ನಾನು ಹತ್ತತಿದ್ದೆ.

ಮ್ಯಾಲ ಸಾಲಿ ಹುಡುಗರು ಕೂ ಹೊಡದು, ಸಿಳ್ಳಿ ಹಾಕಿ
ಗುಮ್ಮಟವನ್ನ ಸಂತಿ ಮಾಡಿದ್ದರು.
ಅವರು ಇಳದ ಮ್ಯಾಲ ಒಂದು ಗಳಿಗಿ ಎಲ್ಲಾ ತಣ್ಣಗ.
ಐನಾ ಆ ಬದಿಗೆ ಹೋಗಿ ಗ್ವಾಡಿಗೆ ತುಟಿ ಹಚ್ಚಿದಳು,
ನನಗಂತ ಅಲ್ಲ.
ಈ ಬದಿಗೆ, ನನ್ನ ಕಿವಿಗೆ ಬಂತು:
ಮಾಕ್, ದಾ ಮಾಕಾನ್?

ಅವ್ವಾ, ಊಟ ಆತಾ, ಅಂತ ಅದು.
ಆಮ್ಯಾಲ ಕೇಳಿ ತಿಳಕೊಂಡೆ.
ತಿಳಿಯೂದರೊಳಗ ಗ್ವಾಡಿಗೆ ಬಾಯಿಟ್ಟು
ಹೂಂ ಅಂದುಬಿಟ್ಟಿದ್ದೆ.
ಅದು ಏಳು ಸರ್ತಿ ಹೋತು.

ರಾತ್ರಿ ಪಡಸಾಲ್ಯಾಗ ಅವ್ವ ಎಣಗಾಯಿ ಬಡಿಸಿದಳು.
ಐನಾನ ಕೈ ಒಂದೀಟ ತಡದದ್ದು ನೋಡಿ,
"ಬದನಿಕಾಯಿ ಐತಿ ತಂಗಿ,
ಇದಕ್ಕ ಯಾವ ದೇವರದೂ ತಕರಾರಿಲ್ಲ."
ಬೆಣ್ಣಿ ಹಚ್ಚಿ ಮತ್ತೊಂದು ರೊಟ್ಟಿ ಹಾಕಿ
ನನ್ನ ಕಡೆ ತಿರುಗಿ ಸಣ್ಣಗ,
"ಪಾಪ, ಪರದೇಶಿ ಹುಡುಗ್ಯಾರು, ತಿನ್ನಲಿ."

ಧರ್ಶಿನಿ ತಲಿ ಎತ್ತಿದಳು.
ಆ ಒಂದು ಮಾತು ಆಕಿಗೆ ಗೊತ್ತಿತ್ತು,
ಮುತ್ತಜ್ಜಿ ಗಂಟಿನ್ಯಾಗ ಕಟಗೊಂಡು ಒಯ್ದದ್ದು,
ಮನ್ಯಾಗ ಬೈಗಳಕ್ಕಷ್ಟ ಉಳದದ್ದು.
"ಬೈದರಾ?"
"ಇಲ್ಲ. ಬೈದಿದ್ದರ ಬೆಣ್ಣಿ ಹಾಕತಿದ್ದಿಲ್ಲ."

ರವಿವಾರ ಹೊಳ್ಳಿ ಬರೂವಾಗ ಥೋಯ್ಬಿ ಕಿಡಕಿ ಬದಿಗೆ.
ಕೃಷ್ಣಿ ಬಂದಾಗ ಎಲ್ಲಾರೂ ಎಚ್ಚರ.
ನಾಲ್ಕು ರೂಪಾಯಿ ಒಗದಿವಿ.
ಥೋಯ್ಬಿದು ಬ್ರಿಜ್ಜಿನ ಕಂಬಿಗೆ ಬಡದು ಟಣ್ ಅಂತು,
ನೀರಿಗೆ ಬಿತ್ತೋ ಇಲ್ಲೋ ಕಾಣಲಿಲ್ಲ.